ಲಕೋಟೆಯೊಳಗೆ ಮುಚ್ಚಿಟ್ಟ ನಡೆ

ಜಪಾನಿನಲ್ಲಿ ಇಟೊ ಎಂಬುದು ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. 1938ರ ಚಳಿಗಾಲದಲ್ಲಿ ಅಲ್ಲಿನ ವಸತಿಗೃಹವೊಂದರ ಕೋಣೆಯಲ್ಲಿ, ದಪ್ಪನೆಯ ಮರದ ಮಣೆಯೊಂದರ ಆಚೆ ಈಚೆ ಇಬ್ಬರು ಎದುರುಬದುರಾಗಿ ಕುಳಿತಿದ್ದರು. ಒಬ್ಬರಿಗೆ ಅರವತ್ನಾಲ್ಕು ವರ್ಷ. ಹೃದ್ರೋಗ ಉಲ್ಬಣಿಸಿ, ಮೂರು ತಿಂಗಳು ಆಟ ನಿಲ್ಲಿಸಿ, ಆಸ್ಪತ್ರೆಯಿಂದ ಎದ್ದು ಬಂದಿದ್ದ ಸಣಕಲು ದೇಹದ ಮುದುಕರು. ಇನ್ನೊಬ್ಬರಿಗೆ ಇಪ್ಪತ್ತೊಂಬತ್ತು. ಹಿಂದಿನ ಕೂಟದ ಕೊನೆಯಲ್ಲಿ ಆಟ ನಿಲ್ಲಿಸುವಾಗ ಕಿರಿಯರು ತಮ್ಮ ಮುಂದಿನ ನಡೆಯನ್ನು ಕಾಗದದ ಮೇಲೆ ಗುರುತು ಮಾಡಿ, ಲಕೋಟೆಯಲ್ಲಿಟ್ಟು ಮುಚ್ಚಿ, ಪಂದ್ಯದ ಅಧಿಕಾರಿಗೆ ಒಪ್ಪಿಸಿದ್ದರು. ಈಗ ಆ ಲಕೋಟೆಯನ್ನು ಒಡೆಯಲಾಯಿತು. ಅಧಿಕಾರಿ ಕಾಗದವನ್ನು ನೋಡಿದರು, ಮಣೆಯನ್ನು ನೋಡಿದರು. ಅದರಲ್ಲಿ ಗುರುತಿಸಿದ್ದ ಜಾಗ ತಕ್ಷಣ ಅವರ ಕಣ್ಣಿಗೆ ಬೀಳಲೇ ಇಲ್ಲ. ಏಕೆಂದರೆ ಎಲ್ಲರ ಕಣ್ಣೂ ಮಣೆಯ ನಡುಭಾಗದ ಮೇಲಿತ್ತು. ನಡೆ ಇದ್ದದ್ದು ಮೇಲ್ತುದಿಯ ಅಂಚಿನಲ್ಲಿ.

ಅದು ಆ ಪಂದ್ಯದ 121ನೆಯ ನಡೆ. ಆಟ ‘ಗೋ’. ಹಿರಿಯರು ಹೊನಿನ್‌ಬೊ ಶೂಸಾಯ್. ಕಿರಿಯರು ಕಿತಾನಿ ಮಿನೊರು. ಹತ್ತಿರದಲ್ಲೇ ಕುಳಿತು ಇದನ್ನೆಲ್ಲ ಪತ್ರಿಕೆಗಾಗಿ ವರದಿ ಮಾಡುತ್ತಿದ್ದವರು ಮುಂದೆ 1968ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಕವಾಬಾಟ ಯಾಸುನಾರಿ. ಈ ಒಂದು ನಡೆಯ ಬಗ್ಗೆ ಎದ್ದ ಪ್ರಶ್ನೆ ಎಂಟು ದಶಕ ಕಳೆದರೂ ಮಾಸಿಲ್ಲ. ನಿಯಮವನ್ನು ಪಾಲಿಸಿದ ಮಾತ್ರಕ್ಕೆ ಆಟ ನ್ಯಾಯವಾಯಿತೆ? ಈ ಪ್ರಶ್ನೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಐದು ವರ್ಷ ಹಿಂದಕ್ಕೆ ಹೋಗಿ, ಇನ್ನೊಂದು ಪಂದ್ಯವನ್ನೂ ನೋಡಬೇಕಾಗುತ್ತದೆ. ಅದಕ್ಕೂ ಮೊದಲು ಆಟದ ಪರಿಚಯ ಆಗಲಿ.

361 ಸಂಧಿಗಳು

ಗೋ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ ಅದರ ಹೆಸರು ವೇಚಿ, ಕೊರಿಯಾದಲ್ಲಿ ಬದುಕ್. ಅಡ್ಡಕ್ಕೆ 19, ಉದ್ದಕ್ಕೆ 19 ಗೆರೆಗಳನ್ನು ಎಳೆದ ಮಣೆ. ನಮ್ಮ ಆಡು-ಹುಲಿ ಆಟದಂತೆಯೇ ಇಲ್ಲಿಯೂ ಕಾಯಿ ಇಡುವುದು ಮನೆಯೊಳಗಲ್ಲ, ಗೆರೆಗಳು ಕೂಡುವ ಸಂಧಿಯಲ್ಲಿ. ಹೀಗೆ 361 ಸಂಧಿಗಳು. ಒಬ್ಬರಿಗೆ ಕಪ್ಪು ಕಾಯಿ, ಇನ್ನೊಬ್ಬರಿಗೆ ಬಿಳಿ. ಮೊದಲ ನಡೆ ಕಪ್ಪಿನದು. ಒಮ್ಮೆ ಇಟ್ಟ ಕಾಯಿಯನ್ನು ಸರಿಸುವಂತಿಲ್ಲ. ಒಂದು ಕಾಯಿಯ ಅಥವಾ ಒಂದು ಗುಂಪಿನ ಸುತ್ತ ಗೆರೆಯಗುಂಟ ಇರುವ ಖಾಲಿ ಸಂಧಿಗಳನ್ನೆಲ್ಲ ಎದುರಾಳಿ ಮುಚ್ಚಿಬಿಟ್ಟರೆ ಆ ಗುಂಪು ಸೆರೆ, ಮಣೆಯಿಂದ ತೆಗೆಯಬೇಕು. ಕೊನೆಯಲ್ಲಿ ಯಾರು ಹೆಚ್ಚು ಖಾಲಿ ಜಾಗವನ್ನು ಸುತ್ತುವರಿದಿದ್ದಾರೋ ಅವರು ಗೆದ್ದಂತೆ. ಸೆರೆ ಸಿಕ್ಕ ಪ್ರತಿ ಕಾಯಿಗೆ ಒಂದು ಅಂಕ ಕಡಿತ.

ನಿಯಮಗಳು ಇಷ್ಟೇ. ಆದರೆ ಸರಳ ನಿಯಮದಿಂದ ಎಂಥ ಜಟಿಲತೆ ಹುಟ್ಟುತ್ತದೆ ನೋಡಿ. ಚೆಸ್‌ನಲ್ಲಿ ಮೊದಲ ನಡೆಗೆ 20 ಆಯ್ಕೆಗಳು. ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ 400 ಸಾಧ್ಯತೆಗಳು. ಗೋದಲ್ಲಿ ಮೊದಲ ನಡೆಗೆ 361, ಎರಡನೆಯದಕ್ಕೆ 360. ಗುಣಿಸಿದರೆ 1,29,960. ಇನ್ನೆರಡು ನಡೆ ಸೇರಿಸಿದರೆ ಸುಮಾರು 1,670 ಕೋಟಿ! ಮಣೆಯ ಮೇಲೆ ನಿಯಮಬದ್ಧವಾಗಿ ಮೂಡಬಹುದಾದ ಚಿತ್ರಗಳ ಒಟ್ಟು ಸಂಖ್ಯೆಯನ್ನು 2016ರಲ್ಲಿ ಕಂಪ್ಯೂಟರ್ ನೆರವಿನಿಂದ ಕರಾರುವಾಕ್ಕಾಗಿ ಎಣಿಸಲಾಯಿತು. ಅದು 171 ಅಂಕೆಗಳ ಸಂಖ್ಯೆ. ನಮಗೆ ಕಾಣುವ ವಿಶ್ವದಲ್ಲಿನ ಪರಮಾಣುಗಳ ಅಂದಾಜು ಸಂಖ್ಯೆಯನ್ನು ಬರೆಯಲು 80ರ ಆಸುಪಾಸಿನ ಅಂಕೆಗಳು ಸಾಕು.

ಹಾಗಾದರೆ ಆಟಗಾರ ಎಲ್ಲಿಂದ ಆರಂಭಿಸಬೇಕು? ಇದಕ್ಕೊಂದು ಸರಳ ಲೆಕ್ಕವಿದೆ. ಮೂರಕ್ಕೆ ಮೂರು, ಅಂದರೆ ಒಂಬತ್ತು ಸಂಧಿಗಳ ಒಂದು ಚೌಕವನ್ನು ಮಣೆಯ ನಡುವೆ ಸುತ್ತುವರಿಯಲು 12 ಕಾಯಿಗಳು ಬೇಕು. ಅದೇ ಚೌಕ ಅಂಚಿನಲ್ಲಿದ್ದರೆ 9 ಸಾಕು. ಮೂಲೆಯಲ್ಲಿದ್ದರೆ 6. ಒಂದು ಗೋಡೆಯನ್ನೋ ಎರಡು ಗೋಡೆಗಳನ್ನೋ ಮಣೆಯೇ ಕಟ್ಟಿಕೊಡುತ್ತದಲ್ಲ! ಹೀಗಾಗಿ ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡುಭಾಗ ಎಂಬುದು ಶತಮಾನಗಳಿಂದ ನಡೆದುಬಂದ ಕ್ರಮ. ಈ ಕ್ರಮದ ಕಾವಲುಗಾರರಂತೆ ಇದ್ದದ್ದು ಹೊನಿನ್‌ಬೊ ಮನೆತನ. ಹದಿನೇಳನೆಯ ಶತಮಾನದಲ್ಲಿ ತೊಕುಗಾವಾ ಅರಸೊತ್ತಿಗೆಯ ಆಶ್ರಯ ಪಡೆದು ಬೆಳೆದ ಗುರುಪರಂಪರೆ ಅದು. ಅದರ ಇಪ್ಪತ್ತೊಂದನೆಯ ಯಜಮಾನರು ಶೂಸಾಯ್. ‘ಮೇಯ್‌ಜಿನ್’ ಎಂದರೆ ಮಹಾಗುರು ಎಂಬ ಬಿರುದೂ ಅವರದಾಗಿತ್ತು.

ಹತ್ತೊಂಬತ್ತರ ಹುಡುಗನ ಮೂರು ಕಾಯಿಗಳು

1933ರ ಅಕ್ಟೋಬರ್ 16. ಯೋಮಿಯುರಿ ಪತ್ರಿಕೆ ಏರ್ಪಡಿಸಿದ್ದ ಪಂದ್ಯ. ಬಿಳಿಯ ಕಡೆ ಶೂಸಾಯ್, ಆಗ ಐವತ್ತೊಂಬತ್ತು ವರ್ಷ. ಕಪ್ಪಿನ ಕಡೆ ಚೀನಾದಲ್ಲಿ ಹುಟ್ಟಿ 1928ರಲ್ಲಿ ಜಪಾನಿಗೆ ಬಂದಿದ್ದ ಹತ್ತೊಂಬತ್ತರ ಹುಡುಗ ಗೋ ಸೆಯ್‌ಗೆನ್. ಅವನ ಮನೆತನದ ಚೀನೀ ಹೆಸರು ವೂ. ಜಪಾನಿ ಉಚ್ಚಾರಣೆಯಲ್ಲಿ ಅದು ‘ಗೋ’ ಆಯಿತು. ಆಟದ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.

ಸೆಯ್‌ಗೆನ್ ಮೊದಲ ಕಾಯಿಯನ್ನು ಮೇಲಿನ ಬಲಮೂಲೆಯಲ್ಲಿ, ಎರಡೂ ಅಂಚುಗಳಿಂದ ಮೂರನೆಯ ಗೆರೆಗಳು ಕೂಡುವಲ್ಲಿ ಇಟ್ಟ. ನೋಡುತ್ತಿದ್ದವರು ಬೆಚ್ಚಿದರು. ಹೊನಿನ್‌ಬೊ ಪರಂಪರೆಯಲ್ಲಿ ಅದು ಅಪಶಕುನದ ಜಾಗ, ಆರಂಭದಲ್ಲಿ ಆಡಕೂಡದ ನಡೆ. ಎರಡನೆಯ ಕಾಯಿ ಕೆಳಗಿನ ಎಡಮೂಲೆಯಲ್ಲಿ, ನಾಲ್ಕನೆಯ ಗೆರೆಗಳ ಸಂಧಿಗೆ. ಮೂರನೆಯ ಕಾಯಿ? ಮಣೆಯ ನಟ್ಟನಡುವಿನ ಬಿಂದುವಿಗೆ! ಮೂರೂ ಕಾಯಿಗಳು ಒಂದೇ ಕರ್ಣರೇಖೆಯ ಮೇಲೆ ಕುಳಿತವು. ಶೂಸಾಯ್ ಮಾತ್ರ ಹಿಂದಿನಿಂದ ಬಂದ ಸಂಪ್ರದಾಯದಂತೆ ಉಳಿದೆರಡು ಮೂಲೆಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಗೆರೆಗಳು ಕೂಡುವಲ್ಲಿ ಕಾಯಿ ಇಟ್ಟರು. ಐದು ನಡೆಗಳಲ್ಲೇ ಎರಡು ಕಾಲಗಳು ಮುಖಾಮುಖಿಯಾದವು.

ಮಹಾಗುರುವಿಗೆ ಇದು ಅವಮಾನ ಎಂದು ಪತ್ರಿಕೆಗೆ ಆಕ್ಷೇಪಗಳು ಬಂದವು. ಆದರೆ ಅದು ಉಡಾಫೆಯಾಗಿರಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಸೆಯ್‌ಗೆನ್ ಮತ್ತು ಅವನ ಗೆಳೆಯ ಕಿತಾನಿ ನಾಗಾನೊ ಪ್ರಾಂತದ ಬಿಸಿನೀರಿನ ಬುಗ್ಗೆಯೊಂದರ ಬಳಿ ತಂಗಿ, ಹೊಸ ಬಗೆಯ ಆರಂಭಗಳ ಬಗ್ಗೆ ಚರ್ಚಿಸಿದ್ದರು. ಮೂಲೆಯನ್ನು ಎರಡು ಮೂರು ನಡೆಗಳಲ್ಲಿ ಭದ್ರಪಡಿಸುವ ಬದಲು ಒಂದೇ ಕಾಯಿಯಲ್ಲಿ ಮುಗಿಸಿ, ಉಳಿಸಿದ ನಡೆಗಳನ್ನು ಬೇರೆಡೆ ವೇಗವಾಗಿ ಹರಡುವುದು. ನಡುಭಾಗವನ್ನು ಜಾಗವೆಂದಲ್ಲ, ನಾಲ್ಕೂ ದಿಕ್ಕಿಗೆ ಪ್ರಭಾವ ಬೀರುವ ನೆಲೆಯೆಂದು ನೋಡುವುದು ಅವರ ವಿಚಾರ. ಅಂದರೆ ಅದೊಂದು ಪ್ರಯೋಗ. ಜಗತ್ತಿನ ಅತಿ ಬಲಿಷ್ಠ ಎದುರಾಳಿಯ ಮುಂದೆ, ಊರಿಗೆ ಊರೇ ನೋಡುತ್ತಿರುವಾಗ ಮಾಡಿದ ಪ್ರಯೋಗ.

160ನೆಯ ನಡೆ ಯಾರದು?

ಪ್ರಯೋಗ ಫಲಿಸಿತೆ? ಇಲ್ಲಿಯೇ ತೊಡಕು. ಇಬ್ಬರಿಗೂ ತಲಾ 24 ಗಂಟೆಗಳ ಅವಧಿ. ಆದರೆ ಹಳೆಯ ಪದ್ಧತಿಯಂತೆ, ಬಿಳಿ ಕಾಯಿ ಹಿಡಿದ ಹಿರಿಯರಿಗೆ ತಮಗೆ ಬೇಕೆನಿಸಿದಾಗ ಆಟವನ್ನು ಮುಂದೂಡುವ ಹಕ್ಕಿತ್ತು. ತಮ್ಮ ಸರದಿ ಬಂದಾಗ ಶೂಸಾಯ್ ‘ಇಂದಿಗೆ ಸಾಕು’ ಎನ್ನಬಹುದಿತ್ತು. ಆಮೇಲೆ ಮುಂದಿನ ಕೂಟದವರೆಗೆ, ಗಡಿಯಾರದ ಲೆಕ್ಕಕ್ಕೆ ಸಿಗದಂತೆ, ಮನೆಯಲ್ಲಿ ಕುಳಿತು ಯೋಚಿಸಬಹುದಿತ್ತು. ಹೀಗೆ ಆ ಪಂದ್ಯ 13 ಬಾರಿ ಮುಂದಕ್ಕೆ ಹೋಯಿತು. ಒಂದು ದಿನವಂತೂ ಶೂಸಾಯ್ ಒಂದು ನಡೆ ಆಡಿದರು, ಸೆಯ್‌ಗೆನ್ ಎರಡೇ ನಿಮಿಷದಲ್ಲಿ ಉತ್ತರಿಸಿದ, ಶೂಸಾಯ್ ಮೂರೂವರೆ ಗಂಟೆ ಯೋಚಿಸಿ ಆಟವನ್ನು ಮುಂದೂಡಿದರು. ಬಿಡುವಿನ ದಿನಗಳಲ್ಲಿ ಗುರುವಿನ ಮನೆಯಲ್ಲಿ ಶಿಷ್ಯರೆಲ್ಲ ಸೇರಿ ಆಟವನ್ನು ಬಿಡಿಸಿ ನೋಡುತ್ತಿದ್ದುದು ಗುಟ್ಟೇನೂ ಆಗಿರಲಿಲ್ಲ.

ಪಂದ್ಯದ ಬಹುಭಾಗ ಹುಡುಗನೇ ಸರಿಸಮನಾಗಿ ನಿಂತಿದ್ದ. 160ನೆಯ ನಡೆಯಲ್ಲಿ ಶೂಸಾಯ್ ಯಾರೂ ನಿರೀಕ್ಷಿಸದ ಜಾಗದಲ್ಲಿ ಕಾಯಿ ಇಟ್ಟರು. ಗೋ ಆಟದಲ್ಲಿ ಇಂಥ ನಡೆಗೆ ‘ತೆಸುಜಿ’ ಎನ್ನುತ್ತಾರೆ. ಕುಸ್ತಿಯವರ ಮಾತಿನಲ್ಲಿ ಹೇಳುವುದಾದರೆ ಒಂದು ಪಟ್ಟು. ಆ ಪಟ್ಟಿನಿಂದ ಬಿಳಿಯ ಕೈ ಮೇಲಾಯಿತು. 1934ರ ಜನವರಿ 29ರಂದು, 252 ನಡೆಗಳ ನಂತರ, ಶೂಸಾಯ್ ಎರಡು ಅಂಕಗಳಿಂದ ಗೆದ್ದರು.

ಆದರೆ ಆ 160ನೆಯ ನಡೆ ಕಂಡದ್ದು ಶೂಸಾಯ್ ಅವರಿಗಲ್ಲ, ಅವರ ಶಿಷ್ಯ ಮಾಯೆದಾ ನೊಬುಆಕಿಗೆ ಎಂಬ ಮಾತು ಹರಡಿತು. ಮಾಯೆದಾ ಗೋ ಆಟದ ಸಮಸ್ಯೆಗಳನ್ನು ರಚಿಸುವುದರಲ್ಲಿ ಎತ್ತಿದ ಕೈ. ಆ ಮಾತನ್ನು ಅವರು ಅಲ್ಲಗಳೆಯಲೂ ಇಲ್ಲ. ಇದಕ್ಕೆ ಲಿಖಿತ ಸಾಕ್ಷ್ಯವಿಲ್ಲ. ಶೂಸಾಯ್ ಅಂಥ ನಡೆಯನ್ನು ತಾವೇ ಕಾಣಲಾರದಷ್ಟು ಸಾಮಾನ್ಯರೂ ಅಲ್ಲ. ಆದರೆ ಒಂದು ಸಂಗತಿ ಮಾತ್ರ ಖಚಿತ. ಆ ಪದ್ಧತಿಯಲ್ಲಿ, ನಡೆ ಯಾರದೆಂದು ತಿಳಿಯಲು ದಾರಿಯೇ ಇರಲಿಲ್ಲ. ಫಲಿತಾಂಶ ಸರಿಯಿದ್ದರೂ ಪ್ರಯೋಗದ ವಿಧಾನವೇ ಸಂಶಯಕ್ಕೆ ಎಡೆಮಾಡಿದರೆ ಆ ಫಲಿತಾಂಶಕ್ಕೆ ಬೆಲೆ ಕಡಿಮೆ. ಪ್ರಯೋಗಾಲಯದಲ್ಲಿ ಇದು ಎಲ್ಲರೂ ಒಪ್ಪುವ ಮಾತು. ಮನೆತನದ ಗೌರವದ ಮುಂದೆ ಅಂದು ಅದನ್ನು ಗಟ್ಟಿಯಾಗಿ ಹೇಳುವುದು ಸುಲಭವಿರಲಿಲ್ಲ.

ಲಕೋಟೆಯ ತರ್ಕ

ಐದು ವರ್ಷಗಳ ನಂತರ ಶೂಸಾಯ್ ಅವರ ವಿದಾಯ ಪಂದ್ಯ ಬಂತು. ಎದುರಾಳಿ ಯಾರೆಂದು ಆರಿಸಲು ಹಿರಿಯ ಆಟಗಾರರ ನಡುವೆ ಸ್ಪರ್ಧೆಯನ್ನೇ ಏರ್ಪಡಿಸಲಾಯಿತು. ಗೆದ್ದವರು ಕಿತಾನಿ. ಬುಗ್ಗೆಯ ಬಳಿ ಕುಳಿತು ಹೊಸ ಆರಂಭಗಳನ್ನು ಹೊಸೆದ ಅದೇ ಕಿತಾನಿ. ಈ ಬಾರಿ ನಿಯಮಗಳು ಬಿಗಿಯಾದವು. ತಲಾ 40 ಗಂಟೆಗಳ ಅವಧಿ. ಆಟದ ದಿನಗಳಲ್ಲಿ ಇಬ್ಬರೂ ವಸತಿಗೃಹದಲ್ಲೇ ಇರಬೇಕು, ಹೊರಗಿನವರೊಡನೆ ಆಟದ ಮಾತು ಕೂಡದು. ಮತ್ತು ದಿನದ ಕೊನೆಯಲ್ಲಿ ಲಕೋಟೆ.

ಲಕೋಟೆ ಏಕೆ? ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಸಂಜೆ ಆಟ ನಿಲ್ಲಿಸಬೇಕಾಗಿದೆ, ಈಗ ನಿಮ್ಮ ಸರದಿ. ನೀವು ನಡೆ ಆಡಿ ಎದ್ದರೆ, ಎದುರಾಳಿಗೆ ಇಡೀ ರಾತ್ರಿ ಯೋಚಿಸಲು ಪುಕ್ಕಟೆ ಸಮಯ. ಆಡದೆ ಎದ್ದರೆ, ಆ ಲಾಭ ನಿಮಗೆ. ಯಾವ ರೀತಿ ನಿಲ್ಲಿಸಿದರೂ ಒಬ್ಬರಿಗೆ ಅನ್ಯಾಯ. ಇದಕ್ಕೆ ಪಾಶ್ಚಾತ್ಯ ಚೆಸ್ ಆಟಗಾರರು ಆಗಲೇ ಒಂದು ಉಪಾಯ ಕಂಡುಕೊಂಡಿದ್ದರು. ಸರದಿಯವರು ನಡೆಯನ್ನು ನಿರ್ಧರಿಸಿ ಗುಟ್ಟಾಗಿ ಬರೆದು ಮುಚ್ಚಿಡುವುದು. ಆಗ ಬರೆದವರಿಗೆ ಆ ನಡೆಯನ್ನು ಬದಲಿಸಲಾಗದು. ಎದುರಾಳಿಗೆ ಅದು ಏನೆಂದು ತಿಳಿಯದು. ಒಬ್ಬರ ಸ್ವಾತಂತ್ರ್ಯವನ್ನೂ ಇನ್ನೊಬ್ಬರ ತಿಳಿವಳಿಕೆಯನ್ನೂ ಒಂದೇ ಏಟಿಗೆ ಕಟ್ಟಿಹಾಕಿ ತಕ್ಕಡಿಯನ್ನು ಸಮ ಮಾಡುವ ಜಾಣತನ ಅದು. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಅರಗಿನ ಮೊಹರು ಹಾಕುವುದರ ಹಿಂದೆಯೂ ಇರುವುದು ಇಂಥದೇ ಆಲೋಚನೆ.

1938ರ ಜೂನ್ 26ರಂದು ತೋಕಿಯೊದಲ್ಲಿ ಆಟ ಆರಂಭವಾಯಿತು. ಜುಲೈಯಲ್ಲಿ ಹಕೊನೆ ಎಂಬ ಬೆಟ್ಟದೂರಿಗೆ ಸ್ಥಳಾಂತರವಾಯಿತು. ಅಲ್ಲಿ ಶೂಸಾಯ್ ಅವರ ಕಾಯಿಲೆ ಹೆಚ್ಚಿತು. ಆದರೂ ಅವರು ಆಡಿದರು. ಆಗಸ್ಟ್ ನಡುವೆ ಆಟ ನಿಂತಾಗ ಮಣೆಯ ಮೇಲೆ 99 ನಡೆಗಳಾಗಿದ್ದವು. ನೂರನೆಯ ನಡೆಯನ್ನು ಶೂಸಾಯ್ ಬರೆದು ಮುಚ್ಚಿಟ್ಟರು. ಆ ಲಕೋಟೆ ಮೂರು ತಿಂಗಳು ಹಾಗೆಯೇ ಕಾದಿತ್ತು. ನವೆಂಬರ್ 18ರಂದು ಇಟೊದಲ್ಲಿ ಆಟ ಮತ್ತೆ ಶುರುವಾಯಿತು.

ಅಂಚಿನ ಒಂದು ಕಾಯಿ

ಈಗ 121ನೆಯ ನಡೆಗೆ ಬರೋಣ. ಹಿಂದಿನ ಕೂಟದಲ್ಲಿ ಆಟ ನಿಂತಾಗ ಮಣೆಯ ನಡುಭಾಗದಲ್ಲಿ ಬಿರುಸಿನ ಹೋರಾಟ ನಡೆದಿತ್ತು. ಇಡೀ ಪಂದ್ಯದ ಹಣೆಬರಹ ಅಲ್ಲಿಯೇ ನಿರ್ಧಾರವಾಗಬೇಕಿತ್ತು. ಕಿತಾನಿಯವರ ಲಕೋಟೆಯಲ್ಲಿ ಅದಕ್ಕೆ ಸಂಬಂಧಪಟ್ಟ ನಡೆಯೇ ಇರುತ್ತದೆಂದು ಎಲ್ಲರೂ ಭಾವಿಸಿದ್ದರು. ಆದರೆ ಅದರಲ್ಲಿ ಇದ್ದದ್ದು ಮೇಲಂಚಿನಲ್ಲಿ ಒಂದು ಬೆದರಿಕೆಯ ನಡೆ. ಅದಕ್ಕೆ ಬಿಳಿ ಉತ್ತರಿಸಲೇಬೇಕು, ಉತ್ತರವೂ ಹೆಚ್ಚುಕಡಿಮೆ ಗೊತ್ತಿರುವಂಥದೇ.

ಲಕೋಟೆಯ ತರ್ಕವನ್ನು ಮತ್ತೆ ನೆನಪಿಸಿಕೊಳ್ಳಿ. ಬರೆದವರಿಗೆ ತಮ್ಮ ನಡೆ ಮಾತ್ರ ಗೊತ್ತು, ಎದುರಾಳಿಯ ಉತ್ತರ ಗೊತ್ತಿಲ್ಲ. ಹೀಗಾಗಿ ರಾತ್ರಿ ಯೋಚಿಸಿ ಹೆಚ್ಚು ಪ್ರಯೋಜನವಿಲ್ಲ. ಈ ತರ್ಕದ ಅಡಿಪಾಯವೇ ಅದು. ಆದರೆ ಉತ್ತರ ಒಂದೇ ಇರುವಂಥ ನಡೆಯನ್ನು ಬರೆದರೆ? ಆಗ ನಡೆಯೂ ಗೊತ್ತು, ಉತ್ತರವೂ ಗೊತ್ತು. ಮಣೆಯ ನಡುಭಾಗದ ಚಿತ್ರ ಇದ್ದಂತೆಯೇ ಇರುತ್ತದೆ, ಮತ್ತೆ ಸರದಿ ತಮ್ಮದೇ. ಅಂದರೆ ಆ ಹೋರಾಟದ ಬಗ್ಗೆ ಮುಂದಿನ ಕೂಟದವರೆಗೂ ನಿಶ್ಚಿಂತೆಯಿಂದ ಯೋಚಿಸಬಹುದು. 1933ರಲ್ಲಿ ಶೂಸಾಯ್ ಅವರಿಗೆ ಸಂಪ್ರದಾಯ ಕೊಟ್ಟಿದ್ದ ಲಾಭವನ್ನೇ 1938ರಲ್ಲಿ ಆ ಲಾಭವನ್ನು ತಡೆಯಲೆಂದು ತಂದ ನಿಯಮವೇ ಕಿತಾನಿಯವರಿಗೆ ಹಿಂಬಾಗಿಲಿನಿಂದ ಕೊಟ್ಟಂತಾಯಿತು!

ಶೂಸಾಯ್ ಕೋಪಗೊಂಡರು. ಮಣೆಯ ಮುಂದೆ ಅದನ್ನು ತೋರಗೊಡಲಿಲ್ಲ, ಉತ್ತರ ಆಡಿದರು. ಕವಾಬಾಟ ಬರೆದಿರುವಂತೆ, ಇಬ್ಬರೂ ಸೇರಿ ಬರೆಯುತ್ತಿದ್ದ ಒಂದು ಚಿತ್ರದ ಮೇಲೆ ಮಸಿ ಚೆಲ್ಲಿದಂತೆ ಅವರಿಗೆ ಅನ್ನಿಸಿತ್ತು. ಆಟವನ್ನು ಅರ್ಧಕ್ಕೇ ಬಿಟ್ಟುಬಿಡುವ ಆಲೋಚನೆಯೂ ಬಂದಿತ್ತಂತೆ. ಅವರ ಪಾಲಿಗೆ ಗೋ ಗೆಲುವು ಸೋಲಿನ ಲೆಕ್ಕವಷ್ಟೇ ಅಲ್ಲ, ಇಬ್ಬರು ಕೂಡಿ ಕಟ್ಟುವ ಕೃತಿ.

ಕಿತಾನಿಯವರ ಕಡೆಯಿಂದಲೂ ನೋಡಬೇಕು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಇಂಥ ಬೆದರಿಕೆಯ ನಡೆಗಳನ್ನು ಸರಿಯಾದ ಹೊತ್ತು ನೋಡಿ ಆಡಿಕೊಳ್ಳುವುದು ಆಟದ ಭಾಗವೇ. ತಡಮಾಡಿದರೆ ಅವಕಾಶ ತಪ್ಪಿಹೋಗಬಹುದು. ತನ್ನ ಅವಧಿಯನ್ನು ಧಾರಾಳವಾಗಿ ಖರ್ಚು ಮಾಡಿ, ಪ್ರತಿ ನಡೆಗೂ ಹಣ್ಣಾಗುವವರೆಗೆ ಯೋಚಿಸುವುದು ಅವರ ಸ್ವಭಾವ. ಲಕೋಟೆಯೊಳಗೆ ನಡೆ ಇತ್ತೇ ಹೊರತು ಉದ್ದೇಶ ಇರಲಿಲ್ಲ. ಉದ್ದೇಶವನ್ನು ಮೊಹರು ಮಾಡುವ ಲಕೋಟೆ ಎಲ್ಲಿಯೂ ಸಿಗುವುದಿಲ್ಲ.

ಮುಂದಿನದು ದುರಂತ. 129ನೆಯ ನಡೆಯಲ್ಲಿ ಕಪ್ಪು ಬಿಳಿಯ ಪಾಳೆಯದೊಳಕ್ಕೆ ನುಗ್ಗಿತು. ಅದನ್ನು ಅಲ್ಲಿಯೇ ತಡೆಯುವ ಬದಲು ಶೂಸಾಯ್ 130ನೆಯ ನಡೆಯಲ್ಲಿ ಬೇರೆಡೆ ಪ್ರತಿದಾಳಿಗೆ ಇಳಿದರು. ಕಿತಾನಿ ದಾಳಿಯನ್ನು ಸಂಭಾಳಿಸಿಕೊಂಡು ನಡುಭಾಗವನ್ನು ಒಡೆದರು. ಅಲ್ಲಿಯವರೆಗೆ ಕೂದಲೆಳೆಯ ಅಂತರದಲ್ಲಿದ್ದ ಪಂದ್ಯ ಅಲ್ಲಿಗೆ ವಾಲಿತು. ಬಿಳಿ ಸೋತದ್ದು ಈ ಒಂದು ನಡೆಯಿಂದ ಎಂಬುದು ಅಂದಿನವರ ತೀರ್ಪು. ಡಿಸೆಂಬರ್ 4ರಂದು 237ನೆಯ ನಡೆಯೊಂದಿಗೆ ಆಟ ಮುಗಿಯಿತು. ಕಿತಾನಿಯವರಿಗೆ ಐದು ಅಂಕಗಳ ಗೆಲುವು.

121ರ ಕೋಪವೇ 130ರ ತಪ್ಪಿಗೆ ಕಾರಣವೆಂಬ ಭಾವನೆ ಕವಾಬಾಟರ ಬರಹವನ್ನು ಓದಿದವರಿಗೆ ಬರುತ್ತದೆ. ಇರಬಹುದು. ಆದರೆ ಒಂದರ ನಂತರ ಇನ್ನೊಂದು ಘಟಿಸಿತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವಾಗಬೇಕಿಲ್ಲ. ದಣಿದ ಹೃದಯ, ಅರವತ್ನಾಲ್ಕರ ವಯಸ್ಸು, ಐದು ತಿಂಗಳು ಮೀರಿದ ಎಳೆದಾಟ, ಇವೂ ಮಣೆಯ ಪಕ್ಕದಲ್ಲೇ ಕುಳಿತಿದ್ದವು.

ಗಡಿಯಾರ ಹೇಳುವ ಕಥೆ

ಪಂದ್ಯದ ಕಾಲದ ಲೆಕ್ಕವನ್ನು ಜಾಗರೂಕತೆಯಿಂದ ಇಡಲಾಗಿತ್ತು. ಕಿತಾನಿ ಬಳಸಿದ್ದು 34 ಗಂಟೆ 19 ನಿಮಿಷ. ಶೂಸಾಯ್ 19 ಗಂಟೆ 57 ನಿಮಿಷ. 237ರಲ್ಲಿ ಕಪ್ಪಿನ ನಡೆಗಳು 119, ಬಿಳಿಯವು 118. ಭಾಗಿಸಿದರೆ ಕಿತಾನಿ ಸರಾಸರಿ ಒಂದು ನಡೆಗೆ ಸುಮಾರು 17 ನಿಮಿಷ ತೆಗೆದುಕೊಂಡರೆ, ಶೂಸಾಯ್ ಸುಮಾರು 10 ನಿಮಿಷ. ಶೂಸಾಯ್ ಅವರಿಗೆ ಇನ್ನೂ 20 ಗಂಟೆಗಳು ಉಳಿದಿದ್ದವು ಎಂಬುದನ್ನು ಗಮನಿಸಿ. ಕಾಲದ ಅಭಾವ ಅವರನ್ನು ಸೋಲಿಸಲಿಲ್ಲ.

ಇನ್ನೊಂದು ಲೆಕ್ಕ. ಮೊದಲು ಆಡುವ ಕಪ್ಪಿಗೆ ಸಹಜವಾಗಿಯೇ ಒಂದಿಷ್ಟು ಅನುಕೂಲ ಇರುತ್ತದೆ. ಅದನ್ನು ಸರಿದೂಗಿಸಲು ಇಂದು ಬಿಳಿಗೆ ಉಚಿತ ಅಂಕ ಕೊಡುತ್ತಾರೆ. ಇದಕ್ಕೆ ‘ಕೊಮಿ’ ಎಂದು ಹೆಸರು. ಜಪಾನಿನಲ್ಲಿ ಇದು ಆರೂವರೆ ಅಂಕ. ಶೂಸಾಯ್ ಅವರ ಪಂದ್ಯಗಳಿಗೆ ಈ ಕೊಡುಗೆ ಇರಲಿಲ್ಲ. ಐದು ಅಂಕಗಳ ಸೋಲಿಗೆ ಆರೂವರೆ ಸೇರಿಸಿದರೆ ಶೂಸಾಯ್ ಒಂದೂವರೆ ಅಂಕದಿಂದ ಗೆದ್ದಂತಾಯಿತಲ್ಲ! ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೊಮಿ ಇದ್ದಿದ್ದರೆ ಕಿತಾನಿ ಐದು ಅಂಕಗಳ ಮುನ್ನಡೆಗೆ ತೃಪ್ತಿಪಟ್ಟು ಆಡುತ್ತಿರಲಿಲ್ಲ. ಶೂಸಾಯ್ ಕೂಡ ಬೇರೆಯೇ ರೀತಿ ಆಡುತ್ತಿದ್ದರು. ಪ್ರಯೋಗದಲ್ಲಿ ಒಂದು ಅಂಶವನ್ನು ಬದಲಿಸಿ, ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆಂದು ಊಹಿಸುವುದು ತಪ್ಪು. ಅದರಲ್ಲೂ ಮನುಷ್ಯರ ಮೇಲಿನ ಪ್ರಯೋಗದಲ್ಲಿ.

ಆಮೇಲೆ ಏನಾಯಿತು?

ಶೂಸಾಯ್ ಹೊನಿನ್‌ಬೊ ಬಿರುದನ್ನು ತಮ್ಮ ಮನೆತನದಲ್ಲಿ ಉಳಿಸಿಕೊಳ್ಳದೆ, ಜಪಾನಿನ ಗೋ ಸಂಸ್ಥೆ ನಿಹೊನ್ ಕಿಯಿನ್‌ಗೆ ಒಪ್ಪಿಸಿದರು. ಅಲ್ಲಿಂದ ಮುಂದೆ ಆ ಬಿರುದು ಸ್ಪರ್ಧೆಯಲ್ಲಿ ಗೆದ್ದವರಿಗೆ. ಮೊದಲ ವಿಜೇತರು 1941ರಲ್ಲಿ ಬಂದರು. ಅದನ್ನು ನೋಡಲು ಶೂಸಾಯ್ ಇರಲಿಲ್ಲ. 1940ರ ಜನವರಿಯಲ್ಲಿ ತೀರಿಕೊಂಡಿದ್ದರು. ವಿದಾಯ ಪಂದ್ಯದ ವರದಿಗಳನ್ನೇ ಆಧಾರವಾಗಿಟ್ಟುಕೊಂಡು ಕವಾಬಾಟ ಮುಂದೆ ಒಂದು ಕಾದಂಬರಿ ಬರೆದರು. ಅದರಲ್ಲಿ ಶೂಸಾಯ್ ಅವರದು ನಿಜವಾದ ಹೆಸರು, ಕಿತಾನಿಗೆ ಮಾತ್ರ ಒಟಾಕೆ ಎಂಬ ಬದಲಿ ಹೆಸರು.

ಸೆಯ್‌ಗೆನ್ 1939ರಿಂದ ಸುಮಾರು ಹದಿನೇಳು ವರ್ಷ, ತನ್ನ ಕಾಲದ ಅಗ್ರಗಣ್ಯರನ್ನೆಲ್ಲ ಹತ್ತು ಪಂದ್ಯಗಳ ಸರಣಿಗಳಲ್ಲಿ ಒಬ್ಬೊಬ್ಬರನ್ನಾಗಿ ಸೋಲಿಸಿದರು. 2014ರ ನವೆಂಬರ್‌ನಲ್ಲಿ ನೂರರ ವಯಸ್ಸಿನಲ್ಲಿ ನಿಧನರಾದರು. ಕಿತಾನಿಯವರ ದಾರಿ ಬೇರೆ. ಅವರು ದೇಶದ ಮೂಲೆಮೂಲೆಗಳಿಂದ, ಕೊರಿಯಾದಿಂದಲೂ, ಮಕ್ಕಳನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡು ಆಟ ಕಲಿಸಿದರು. ಅವರ ಗರಡಿಯಿಂದ ಐವತ್ತಕ್ಕೂ ಹೆಚ್ಚು ವೃತ್ತಿಪರ ಆಟಗಾರರು ಹೊರಬಂದರು. 1962ರಲ್ಲಿ ಆರು ವರ್ಷದ ಬಾಲಕನಾಗಿ ಕೊರಿಯಾದಿಂದ ಬಂದ ಚೊ ಚಿಕುನ್ ಅವರಲ್ಲೊಬ್ಬ. ಮುಂದೆ ಅವರೇ ಹೊನಿನ್‌ಬೊ ಬಿರುದನ್ನು ಸತತ ಹತ್ತು ವರ್ಷ ಉಳಿಸಿಕೊಂಡರು. ಒಂದು ಮನೆತನದ ಕೊನೆಯ ಯಜಮಾನನನ್ನು ಸೋಲಿಸಿದವರ ಮನೆಯೇ ಹೊಸ ಬಗೆಯ ಗುರುಕುಲವಾಯಿತು.

ಲಕೋಟೆಯ ಪದ್ಧತಿ ಎರಡು ದಿನಗಳ ದೊಡ್ಡ ಪಂದ್ಯಗಳಲ್ಲಿ ಉಳಿದುಕೊಂಡು ಬಂತು. ಆದರೆ ಸಂಶಯದ ಮೂಲ ಬದಲಾಗಿದೆ. 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಲೀ ಸೆಡೊಲ್ ಅವರನ್ನು 4-1ರಿಂದ ಸೋಲಿಸಿತು. ಅಲ್ಲಿಂದ ಮುಂದೆ ಮಾಯೆದಾನಂಥ ಶಿಷ್ಯ ಪ್ರತಿಯೊಬ್ಬರ ಜೇಬಿನ ಫೋನಿನಲ್ಲೇ ಇದ್ದಾನೆ. 2020ರಲ್ಲಿ ಕೊರಿಯಾದ ಹದಿಮೂರು ವರ್ಷದ ವೃತ್ತಿಪರ ಆಟಗಾರ್ತಿಯೊಬ್ಬಳು ಅಂತರ್ಜಾಲದಲ್ಲಿ ನಡೆದ ಪಂದ್ಯವೊಂದರಲ್ಲಿ ಕಂಪ್ಯೂಟರ್ ನೆರವು ಪಡೆದುದು ಬೆಳಕಿಗೆ ಬಂತು. ಅವಳನ್ನು ಒಂದು ವರ್ಷ ಆಟದಿಂದ ಹೊರಗಿಡಲಾಯಿತು. ಶಿಕ್ಷೆ ಮುಗಿಸಿ ಬಂದ ಅವಳು ಮತ್ತೆ ಆಡಿ, ತನ್ನ ದೇಶದ ಅಗ್ರ ಆಟಗಾರ್ತಿಯರ ಸಾಲಿಗೆ ಸೇರಿದಳು. ಮಕ್ಕಳ ತಪ್ಪಿಗೆ ಶಿಕ್ಷೆ ಬೇಡವೆಂದಲ್ಲ, ಶಿಕ್ಷೆಯ ಆಚೆಗೂ ಒಂದು ಬಾಗಿಲು ತೆರೆದಿರಬೇಕು ಎಂಬುದಕ್ಕೆ ತಂದೆತಾಯಿಗಳು ನೆನಪಿಡಬೇಕಾದ ಉದಾಹರಣೆ ಇದು.

ಸ್ವಾರಸ್ಯದ ಮಾತೊಂದು ಉಳಿಯಿತು. ಮೂಲೆಯ ಆ ಅಪಶಕುನದ ಮೂರು-ಮೂರರ ಸಂಧಿಯನ್ನು ಈ ಕಂಪ್ಯೂಟರ್‌ಗಳು ಬಹಳ ಮೆಚ್ಚಿಕೊಂಡಿವೆ. ಎದುರಾಳಿ ನಾಲ್ಕು-ನಾಲ್ಕರಲ್ಲಿ ಕಾಯಿ ಇಟ್ಟಿದ್ದರೆ, ಆಟದ ಆರಂಭದಲ್ಲೇ ಅವು ಅದರಡಿಯ ಮೂರು-ಮೂರಕ್ಕೆ ನುಗ್ಗುತ್ತವೆ. 2017ರಿಂದೀಚೆಗೆ ಮನುಷ್ಯರೂ ಅದನ್ನು ಅನುಸರಿಸುತ್ತಿದ್ದಾರೆ. ಸೆಯ್‌ಗೆನ್ ಇಟ್ಟ ನಡೆಗೂ ಇದಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ಅಲ್ಲಿ ಅಪಶಕುನ ಏನೂ ಇರಲಿಲ್ಲ ಎಂಬುದಂತೂ ಸಾಬೀತಾಯಿತು. ಹತ್ತೊಂಬತ್ತರ ಹುಡುಗ ಅದನ್ನು ಆಡಿ ನೋಡಿ ತಿಳಿಯಬಯಸಿದ್ದ, ಅಷ್ಟೇ.

ನೀವೂ ಆಡಿ ನೋಡಿ

ಗೋ ಕಲಿಯಲು ದುಬಾರಿ ಮಣೆ ಬೇಕಿಲ್ಲ. ರಟ್ಟಿನ ಮೇಲೆ ಅಡ್ಡಕ್ಕೆ 9, ಉದ್ದಕ್ಕೆ 9 ಗೆರೆ ಎಳೆಯಿರಿ. ಒಬ್ಬರಿಗೆ ಹುಣಸೆ ಬೀಜ, ಇನ್ನೊಬ್ಬರಿಗೆ ಬಿಳಿ ಕಲ್ಲು; ತಲಾ 40 ಇದ್ದರೆ ಸಾಕು. 81 ಸಂಧಿಗಳ ಈ ಪುಟ್ಟ ಮಣೆಯ ಮೇಲೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಒಂದು ಆಟ ಮುಗಿಯುತ್ತದೆ.

ಎರಡು ವಿಷಯ ನೆನಪಿರಲಿ. ಮೊದಲನೆಯದು ‘ಕಣ್ಣು’. ಒಂದು ಗುಂಪಿನೊಳಗೆ ಬೇರೆಬೇರೆಯಾದ ಎರಡು ಖಾಲಿ ಸಂಧಿಗಳಿದ್ದರೆ ಎದುರಾಳಿ ಎರಡನ್ನೂ ಒಟ್ಟಿಗೆ ಮುಚ್ಚಲಾರ. ಆ ಗುಂಪಿಗೆ ಸಾವಿಲ್ಲ. ಒಂದೇ ಕಣ್ಣಿದ್ದರೆ ಅಪಾಯ. ಎರಡನೆಯದು ‘ಕೋ’. ಒಬ್ಬರು ಒಂದು ಕಾಯಿ ಸೆರೆಹಿಡಿದ ಕೂಡಲೇ ಇನ್ನೊಬ್ಬರು ಅದೇ ಜಾಗದಲ್ಲಿ ಮರಳಿ ಸೆರೆಹಿಡಿದು ಮಣೆಯನ್ನು ಹಿಂದಿನ ಸ್ಥಿತಿಗೇ ತರುವಂತಿಲ್ಲ. ನಡುವೆ ಬೇರೆಡೆ ಒಂದು ನಡೆ ಆಡಲೇಬೇಕು. ಇಲ್ಲದಿದ್ದರೆ ಆಟ ಎಂದಿಗೂ ಮುಗಿಯುವುದಿಲ್ಲ.

ಊಟಕ್ಕೆ ಕರೆ ಬಂದು ಆಟ ಅರ್ಧಕ್ಕೆ ನಿಂತರೆ? ಸರದಿಯವರು ಒಂದು ಚೀಟಿಯಲ್ಲಿ ನಡೆಯನ್ನು ಬರೆದು, ಮಡಿಸಿ, ಅಮ್ಮನ ಕೈಗೆ ಕೊಟ್ಟು ಹೋಗಲಿ. ಆಮೇಲೆ ಚೀಟಿ ಬಿಡಿಸಿದಾಗ ಅದರಲ್ಲಿ ಎಂಥ ನಡೆ ಇತ್ತು, ಅದನ್ನು ಏಕೆ ಬರೆದಿರಿ ಎಂಬುದನ್ನು ಇಬ್ಬರೂ ಕುಳಿತು ಪ್ರಾಮಾಣಿಕವಾಗಿ ಮಾತಾಡಿಕೊಳ್ಳಿ. ಶೂಸಾಯ್ ಮತ್ತು ಕಿತಾನಿಯವರ ನಡುವೆ ಮಣೆಯ ಮುಂದೆ ಆ ಮಾತು ಬರಲೇ ಇಲ್ಲ.